ಕೇಬಲ್ ತೆಗೆಸಬೇಕಾ? ನೆಂಟರು, ನೆರೆಹೊರೆಯವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯಲ್ಲಿ ಕೇಬಲ್ ತೆಗೆಸಿ, ಟಿವಿಗೆ ಇಂಟರ್ನೆಟ್ ಹಾಕಿಕೊಂಡು ಎರಡು ವರ್ಷದ ಮೇಲಾಯಿತು. ಅವತ್ತಿನಿಂದ ನೆಂಟರಿಷ್ಟರಿಗೆಲ್ಲ ನಾನೇ ಕೇಬಲ್‌ನವನು. ಸಾಯಂಕಾಲ ಏಳರ ಹೊತ್ತಿಗೆ ಫೋನ್ ಬಂತು ಅಂದರೆ, ಎತ್ತುವ ಮೊದಲೇ ಗೊತ್ತು, ಟಿವಿ ವಿಷಯ. ಭಾವ ಕೇಳಿದ್ದನ್ನೇ ಚಿಕ್ಕಮ್ಮ ಕೇಳುತ್ತಾರೆ, ಚಿಕ್ಕಮ್ಮ ಕೇಳಿದ್ದನ್ನೇ ಎದುರುಮನೆಯವರು ಕೇಳುತ್ತಾರೆ. ಹೇಳಿ ಹೇಳಿ ಬಾಯಿಪಾಠ ಆಗಿರುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಕೇಬಲ್ ತೆಗೆಸಿದರೆ ತಿಂಗಳಿಗೆ ಎಷ್ಟು ಉಳಿಯುತ್ತದೆ?

ಮನೆಯಲ್ಲಿ ಈಗಾಗಲೇ ಇಂಟರ್ನೆಟ್ ಇದೆಯಾ? ಅದನ್ನು ಮೊದಲು ಹೇಳಿ.

ಇದ್ದರೆ ಲೆಕ್ಕ ಸುಲಭ. ಮಕ್ಕಳ ಓದಿಗೆ, ಆಫೀಸ್ ಕೆಲಸಕ್ಕೆ ಅಂತ ಆ ದುಡ್ಡು ಹೇಗೂ ಹೋಗುತ್ತಿದೆ. ಕೇಬಲ್ ಬಿಲ್ ಒಂದು ಕಡೆ, ಆಪ್‌ಗಳ ಚಂದಾ ಇನ್ನೊಂದು ಕಡೆ ಇಟ್ಟು ನೋಡಿದರೆ ಸಾಕು. ಟಿವಿಗೋಸ್ಕರವೇ ಹೊಸದಾಗಿ ಇಂಟರ್ನೆಟ್ ಹಾಕಿಸುವುದಾದರೆ ಉಳಿತಾಯದ ಮಾತು ಬಿಟ್ಟುಬಿಡಿ. ₹399ರ ಪ್ಲಾನ್ ಅಂತ ಬೋರ್ಡ್ ಕಂಡರೂ ಶೇ 18 ಜಿಎಸ್‌ಟಿ ಸೇರಿ ಕೈಯಿಂದ ಹೋಗುವುದು ₹471. ಅದರ ಮೇಲೆ ಆಪ್ ಚಂದಾ ಬೇರೆ.

ಅದಕ್ಕೂ ಮೊದಲು ನಿಮ್ಮ ಕೇಬಲ್ ಬಿಲ್ ಒಮ್ಮೆ ಬಿಡಿಸಿ ನೋಡಿ. 2019ರ ಫೆಬ್ರವರಿಯಿಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ತಂದ ಪದ್ಧತಿಯಲ್ಲಿ ಬಿಲ್‌ಗೆ ಎರಡು ಭಾಗ. ಒಂದು ನೆಟ್‌ವರ್ಕ್ ಶುಲ್ಕ, ಅಂದರೆ ಚಾನೆಲ್‌ಗಳನ್ನು ಮನೆಗೆ ತಲುಪಿಸುವುದಕ್ಕೆ ಕಟ್ಟುವುದು. ಆಗ ಅದು 100 ಚಾನೆಲ್‌ಗೆ ಹೆಚ್ಚೆಂದರೆ ₹130, ತೆರಿಗೆ ಸೇರಿ ₹153.40 ಇತ್ತು. 2024ರ ಜುಲೈಯಲ್ಲಿ ಆ ಮಿತಿ ತೆಗೆದರು. ಈಗ ಎಷ್ಟು ಅನ್ನುವುದು ನಿಮ್ಮ ಕೇಬಲ್‌ನವರಿಗೆ ಬಿಟ್ಟದ್ದು. ಇನ್ನೊಂದು ಭಾಗ ದುಡ್ಡಿನ ಚಾನೆಲ್‌ಗಳದ್ದು. ಕಿರಿಕಿರಿ ಇರುವುದು ಇಲ್ಲೇ. ಪ್ಯಾಕ್ ಅಂತ ಹತ್ತಾರು ಚಾನೆಲ್ ಒಟ್ಟಿಗೆ ಹಾಕಿಬಿಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಕಣ್ಣೆತ್ತಿ ನೋಡದ ಒಂದು ಇಂಗ್ಲಿಷ್ ಅಡುಗೆ ಚಾನೆಲ್‌ಗೆ ಮೂರು ವರ್ಷ ದುಡ್ಡು ಕಟ್ಟಿದ್ದೆವು. ಪ್ಯಾಕ್ ತೆಗೆಸಿ ಬೇಕಾದ ನಾಲ್ಕು ಚಾನೆಲ್ ಬಿಡಿಬಿಡಿಯಾಗಿ ಹಾಕಿಸಿಕೊಂಡರೆ ಎಷ್ಟೋ ಮನೆಗಳಿಗೆ ಅಷ್ಟರಲ್ಲೇ ಸಮಸ್ಯೆ ಮುಗಿಯುತ್ತದೆ.

ಎರಡು ಟಿವಿ ಇರುವ ಮನೆಯಲ್ಲಿ ಮಾತ್ರ ಲಾಭ ಕಣ್ಣಿಗೆ ಕಾಣುತ್ತದೆ. ಕೇಬಲ್ ಆದರೆ ಎರಡನೇ ಬಾಕ್ಸ್, ಅದಕ್ಕೆ ಬೇರೆ ದುಡ್ಡು. ಇಂಟರ್ನೆಟ್ ಒಂದೇ ಇದ್ದರೂ ಎರಡೂ ಟಿವಿ ನಡೆಯುತ್ತವೆ.

ಅಮ್ಮನ ಧಾರಾವಾಹಿ ಬರುತ್ತಾ?

ಬರುತ್ತದೆ. ಆದರೆ ಎಲ್ಲ ಒಂದೇ ಕಡೆ ಬರುವುದಿಲ್ಲ. ಕೇಬಲ್‌ನಲ್ಲಿ ಒಂದು ನಂಬರ್ ಒತ್ತಿದರೆ ಉದಯ, ಇನ್ನೊಂದು ಒತ್ತಿದರೆ ಝೀ ಕನ್ನಡ. ಇಲ್ಲಿ ಒಂದೊಂದು ಚಾನೆಲ್‌ಗೆ ಒಂದೊಂದು ಮನೆ. ಝೀ ಕನ್ನಡ ಬೇಕಿದ್ದರೆ ಝೀ5 ಆಪ್. ಉದಯ ಬೇಕಿದ್ದರೆ ಸನ್ ನೆಕ್ಸ್ಟ್. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಜಿಯೋಹಾಟ್‌ಸ್ಟಾರ್‌ನಲ್ಲಿ. ಮೊದಲು ಇವು ಎರಡು ಬೇರೆ ಆಪ್‌ಗಳಲ್ಲಿದ್ದವು, 2025ರ ಫೆಬ್ರವರಿ 14ರಂದು ಆ ಆಪ್‌ಗಳು ಒಂದಾದವು. ದೂರದರ್ಶನದ ಚಂದನಕ್ಕೆ ಪ್ರಸಾರ ಭಾರತಿಯವರು 2024ರ ನವೆಂಬರ್‌ನಲ್ಲಿ ಬಿಟ್ಟ ವೇವ್ಸ್ ಆಪ್ ಇದೆ. ಕನ್ನಡ ನ್ಯೂಸ್ ಚಾನೆಲ್‌ಗಳು ಯೂಟ್ಯೂಬ್‌ನಲ್ಲೇ ದಿನವಿಡೀ ಲೈವ್ ಇರುತ್ತವೆ, ಪುಕ್ಕಟೆ.

ಇಷ್ಟು ಕೇಳಿ ಮೂರೂ ಆಪ್‌ಗೆ ಚಂದಾ ಕಟ್ಟಲು ಓಡಬೇಡಿ. ಒಂದು ವಾರ ಅಮ್ಮ ಏನೇನು ನೋಡುತ್ತಾರೆ ಅಂತ ಸುಮ್ನೆ ಬರೆದಿಡಿ. ನಮ್ಮಮ್ಮನ ಪಟ್ಟಿಯಲ್ಲಿ ನಾಲ್ಕು ಧಾರಾವಾಹಿ ಇತ್ತು, ಅವು ಇದ್ದದ್ದು ಎರಡೇ ಚಾನೆಲ್‌ನಲ್ಲಿ. ಎರಡು ಆಪ್‌ನಲ್ಲಿ ಕೆಲಸ ಆಯಿತು.

ಇಷ್ಟೆಲ್ಲ ಮಾಡಿದ ಮೇಲೂ ನಾನು ಒಂದು ತಪ್ಪು ಮಾಡಿದೆ. 'ಅಮ್ಮ, ಇನ್ನು ಏಳು ಗಂಟೆಗೇ ಕೂರಬೇಕಾಗಿಲ್ಲ, ಯಾವಾಗ ಬೇಕಾದರೂ ನೋಡಬಹುದು' ಅಂತ ಭಾರಿ ಜಂಬದಿಂದ ಹೇಳಿದೆ. ಅಮ್ಮನಿಗೆ ಅದು ಸೌಕರ್ಯ ಅಂತ ಅನ್ನಿಸಲೇ ಇಲ್ಲ. 'ಏಳು ಗಂಟೆಯದನ್ನು ಏಳು ಗಂಟೆಗೇ ನೋಡಬೇಕಪ್ಪ. ಆಮೇಲೆ ನೋಡಿದರೆ ತಂಗಳು' ಅಂದರು. ಕಾರಣ ಆಮೇಲೆ ತಿಳಿಯಿತು. ಹಾಸನದಲ್ಲಿರುವ ಚಿಕ್ಕಮ್ಮನೂ ಅದೇ ಹೊತ್ತಿಗೆ ಅದನ್ನೇ ನೋಡುತ್ತಾರೆ. ಜಾಹೀರಾತು ಬಂದಾಗ ಇಬ್ಬರೂ ಫೋನಿನಲ್ಲಿ ಧಾರಾವಾಹಿಯ ಅತ್ತೆಯನ್ನು ಬೈಯುತ್ತಾರೆ. ಹಾಗಾಗಿ ಆಪ್ ಆರಿಸುವಾಗ ಹಳೆಯ ಕಂತು ಇದೆಯಾ ಅಂತ ಮಾತ್ರ ನೋಡಬೇಡಿ, ಆ ಚಾನೆಲ್ ಲೈವ್ ಆಗಿ ಬರುತ್ತದೆಯಾ ಅಂತಲೂ ನೋಡಿ.

ದುಡ್ಡು ಕಟ್ಟಿದ ಮೇಲೂ ಜಾಹೀರಾತು ಬರುತ್ತಾ?

ಬಹಳ ಕಡೆ ಬರುತ್ತದೆ. ಕಡಿಮೆ ಬೆಲೆಯ ಪ್ಲಾನ್ ಅಂದರೆ ಸಾಮಾನ್ಯವಾಗಿ ಜಾಹೀರಾತು ಸೇರಿದ ಪ್ಲಾನ್ ಅಂತಲೇ ತಿಳಿಯಿರಿ. ಪ್ರೈಮ್ ವಿಡಿಯೋ ಕೂಡ 2025ರ ಜೂನ್‌ನಿಂದ ಭಾರತದಲ್ಲಿ ಜಾಹೀರಾತು ಹಾಕಲು ಶುರು ಮಾಡಿತು, ಬೇಡ ಅಂದರೆ ಮೇಲೆ ದುಡ್ಡು.

ಎಷ್ಟು ಸ್ಪೀಡ್ ಬೇಕು?

ಅಂಗಡಿಯವರು 100, 200 ಅಂತ ಹೆದರಿಸುತ್ತಾರೆ. ನೆಟ್‌ಫ್ಲಿಕ್ಸ್‌ನವರೇ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಸಾಕು ಅನ್ನುತ್ತಾರೆ. ಒಂದು ಟಿವಿ, ಮೂರು ಮೊಬೈಲ್ ಇರುವ ಮನೆಗೆ 30 ಎಂಬಿಪಿಎಸ್ ಪ್ಲಾನ್ ಆರಾಮಾಗಿ ನಡೆಯುತ್ತದೆ. ಮನೆಯಲ್ಲಿ ಇಬ್ಬರು ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್ ಮಾಡುವವರಿದ್ದರೆ 100ಕ್ಕೆ ಹೋಗಿ.

ಮೊಬೈಲ್ ಹಾಟ್‌ಸ್ಪಾಟ್ ಸಾಲದೇ?

ಸಾಲದು. ಎಚ್‌ಡಿಯಲ್ಲಿ ಒಂದು ಗಂಟೆ ನೋಡಿದರೆ 3 ಜಿಬಿವರೆಗೆ ಹೋಗುತ್ತದೆ. ದಿನಕ್ಕೆ 2 ಜಿಬಿಯ ರೀಚಾರ್ಜ್ ಮಾಡಿಸಿದ್ದರೆ ಒಂದು ಧಾರಾವಾಹಿ ಮುಗಿದು ಎರಡನೆಯದರ ಅರ್ಧಕ್ಕೆ ಎಲ್ಲ ನಿಂತುಹೋಗುತ್ತದೆ. ಅದೂ ಸರಿಯಾಗಿ ಯಾರೋ ಬಾಗಿಲು ಬಡಿದಾಗ. ದಿನಕ್ಕೆ ಐದು ಗಂಟೆ ಟಿವಿ ಓಡಿದರೆ ತಿಂಗಳಿಗೆ 450 ಜಿಬಿ. ಮನೆಗೆ ವೈರ್ ಎಳೆದು ಕೊಡುವ ಫೈಬರ್ ಇಂಟರ್ನೆಟ್ ಪ್ಲಾನ್‌ಗಳಲ್ಲಿ 'ಅನ್‌ಲಿಮಿಟೆಡ್' ಅಂದರೂ ಒಳಗೊಂದು ಮಿತಿ ಇರುತ್ತದೆ. ಜಿಯೋ, ಏರ್‌ಟೆಲ್‌ನಂಥವರದ್ದು 3,300 ಜಿಬಿ. ಅಷ್ಟನ್ನು ಮುಗಿಸಬೇಕಾದರೆ ಮನೆಮಂದಿಯೆಲ್ಲ ಊಟ ಬಿಟ್ಟು ನೋಡಬೇಕು.

ಇದಕ್ಕೆ ಹೊಸ ಟಿವಿ ತೆಗೆದುಕೊಳ್ಳಬೇಕಾ?

ಈಗಿನ ಟಿವಿಗೆ ಎಚ್‌ಡಿಎಂಐ ತೂತು ಇದ್ದರೆ ಬೇಡ. ಫೈರ್ ಟಿವಿಯಂಥ ಒಂದು ಸ್ಟಿಕ್ ಸಿಕ್ಕಿಸಿದರೆ ಅದೇ ಸ್ಮಾರ್ಟ್ ಟಿವಿ ಆಗುತ್ತದೆ. ಸ್ಟಿಕ್‌ಗೆ ಕರೆಂಟನ್ನು ಅದರ ಜೊತೆ ಬಂದ ಅಡಾಪ್ಟರ್‌ನಿಂದಲೇ ಕೊಡಿ. ಟಿವಿಯ ಹಿಂದೆ ಯುಎಸ್‌ಬಿ ಇದೆಯಲ್ಲ ಅಂತ ಅಲ್ಲಿಂದ ಕೊಟ್ಟರೆ ಶಕ್ತಿ ಸಾಲದೆ ಮಧ್ಯೆ ಮಧ್ಯೆ ಆಫ್ ಆಗುತ್ತದೆ. ಈ ಒಂದು ಕಾರಣಕ್ಕೆ ಸ್ಟಿಕ್ಕೇ ಕೆಟ್ಟಿದೆ ಅಂತ ವಾಪಸ್ ಕಳಿಸಲು ಹೊರಟವರನ್ನು ನಾನು ತಡೆದಿದ್ದೇನೆ.

ಐದಾರು ವರ್ಷದ ಹಳೆಯ ಸ್ಮಾರ್ಟ್ ಟಿವಿಯದು ಬೇರೆ ರಗಳೆ. ಟಿವಿ ಚೆನ್ನಾಗಿಯೇ ಇರುತ್ತದೆ, ಒಳಗಿನ ಆಪ್‌ಗಳಿಗೆ ಅಪ್‌ಡೇಟ್ ನಿಂತಿರುತ್ತದೆ. ಒಂದು ಆಪ್ ತೆರೆಯಲು ಕಾಫಿ ಕುಡಿದು ಬರುವಷ್ಟು ಹೊತ್ತು. ಅದಕ್ಕೂ ಸ್ಟಿಕ್ಕೇ ಮದ್ದು. ಹೊಸ ಟಿವಿಯನ್ನೇ ತೆಗೆದುಕೊಳ್ಳುವವರಿಗೆ ಒಂದು ಒಳ್ಳೆಯ ಸುದ್ದಿ ಇದೆ. 32 ಇಂಚಿಗಿಂತ ದೊಡ್ಡ ಟಿವಿಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ.

ಸರಿಯಾಗಿ ಒಳ್ಳೇ ಜಾಗದಲ್ಲಿ ಚಿತ್ರ ನಿಂತು ಚಕ್ರ ಗಿರಗಿರ ಸುತ್ತುತ್ತದೆ. ಏನು ಮಾಡಲಿ?

ಎಲ್ಲರೂ ಮೊದಲು ಬೈಯುವುದು ಇಂಟರ್ನೆಟ್‌ನವರನ್ನು. ನಾನು ನೋಡಿದ ಮನೆಗಳಲ್ಲಿ ಹೆಚ್ಚಿನ ಸಲ ತಪ್ಪು ರೂಟರ್, ಅಂದರೆ ವೈಫೈ ಕೊಡುವ ಡಬ್ಬಿ, ಇಟ್ಟ ಜಾಗದ್ದು. ಫೈಬರ್ ಹಾಕಲು ಬಂದ ಹುಡುಗನಿಗೆ ವೈರ್ ಎಲ್ಲಿಂದ ಒಳಗೆ ತರುವುದು ಸುಲಭವೋ ಅಲ್ಲೇ ಮೊಳೆ ಹೊಡೆದು ಹೋಗುತ್ತಾನೆ. ಭಾವನ ಮನೆಯಲ್ಲಿ ಅದು ಮಲಗುವ ಕೋಣೆಯ ಮೂಲೆ, ಕಬ್ಬಿಣದ ಬೀರುವಿನ ಹಿಂದೆ. ವೈಫೈಗೆ ಕಬ್ಬಿಣದ ಬೀರು ಅಂದರೆ ಕೋಟೆ ಗೋಡೆ ಇದ್ದ ಹಾಗೆ. ನೀರಿನ ಟ್ಯಾಂಕ್, ದೊಡ್ಡ ಕನ್ನಡಿ, ಹಳೆ ಮನೆಯ ದಪ್ಪ ಗೋಡೆ ಇವೂ ತಡೆಯುತ್ತವೆ. ಭಾವನ ರೂಟರನ್ನು ಹಾಲ್‌ಗೆ ತಂದು, ಷೋಕೇಸ್ ಮೇಲೆ ಎತ್ತರದಲ್ಲಿ ಇಟ್ಟೆವು. ಸುತ್ತುವುದು ನಿಂತಿತು. ಹಬ್ಬದ ದಿನ ಅಕ್ಕ ಅದಕ್ಕೊಂದು ಕುಂಕುಮವನ್ನೂ ಇಟ್ಟಳು.

ರೂಟರ್‌ನಲ್ಲಿ ಎರಡು ಹೆಸರು ಕಾಣುತ್ತವೆಯಲ್ಲ, ಅದರ ವಿಷಯ ಇಷ್ಟೇ. 2.4 ಗಿಗಾಹರ್ಟ್ಜ್‌ದು ದೂರ ಹೋಗುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಜ್‌ದು ಜೋರು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. ಟಿವಿ, ರೂಟರ್ ಒಂದೇ ಕೋಣೆಯಲ್ಲಿದ್ದರೆ 5ಕ್ಕೆ ಹಾಕಿ. ಅಡುಗೆಮನೆಯಲ್ಲಿ ಮೈಕ್ರೋವೇವ್ ಹಾಕಿದಾಗ ಟಿವಿ ನಿಲ್ಲುತ್ತದೆ ಅಂತ ಒಬ್ಬರು ಹೇಳಿದಾಗ ಎಲ್ಲರೂ ನಕ್ಕರು. ಅವರು ಹೇಳಿದ್ದು ನಿಜ. ಮೈಕ್ರೋವೇವ್ ಕೆಲಸ ಮಾಡುವುದೂ ಸರಿಸುಮಾರು 2.4 ಗಿಗಾಹರ್ಟ್ಜ್‌ನ ತರಂಗದಲ್ಲೇ. ಎರಡಕ್ಕೂ ತಿಕ್ಕಾಟ ಆಗುತ್ತದೆ.

ಎಲ್ಲಕ್ಕಿಂತ ಗ್ಯಾರಂಟಿ ಉಪಾಯ ಅಂದರೆ ರೂಟರ್‌ನಿಂದ ಟಿವಿಗೆ ನೇರವಾಗಿ ಲ್ಯಾನ್ ಕೇಬಲ್ ಎಳೆಯುವುದು. ಕೇಬಲ್ ತೆಗೆಸಿ ಮತ್ತೆ ಕೇಬಲ್ ಎಳೆಯುವುದೇ ಅಂತ ನನ್ನ ಹೆಂಡತಿ ಕೇಳಿದಳು. ಹೌದು. ಎಳೆದ ಮೇಲೆ ಒಂದು ದಿನವೂ ಸುತ್ತಿಲ್ಲ.

ರೂಟರ್‌ನಲ್ಲಿ ಕೆಂಪು ದೀಪ ಮಿಣಮಿಣ ಅನ್ನುತ್ತಿದೆ

ಅದರ ಪಕ್ಕ ಎಲ್‌ಒಎಸ್ ಅಂತ ಬರೆದಿದ್ದರೆ ಆಫ್ ಮಾಡಿ ಆನ್ ಮಾಡುವುದು ವ್ಯರ್ಥ. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಬರುವುದು ಬೆಳಕು. ಆ ಬೆಳಕು ನಿಮ್ಮ ಮನೆವರೆಗೆ ಬರುತ್ತಿಲ್ಲ ಅಂತ ದೀಪ ಹೇಳುತ್ತಿದೆ. ಎಲ್ಲೋ ಎಳೆ ತುಂಡಾಗಿದೆ, ಇಲ್ಲವೇ ಜಾಸ್ತಿ ಬಾಗಿದೆ. ನಮ್ಮ ಮನೆಯಲ್ಲಿ ಒಮ್ಮೆ ಇಲಿ ಕಡಿದಿತ್ತು, ಒಮ್ಮೆ ಕೋತಿ ಜೋತು ಬಿದ್ದಿತ್ತು, ಒಮ್ಮೆ ನಾನೇ ಸೋಫಾ ಸರಿಸುವಾಗ ಕಾಲಡಿಗೆ ಸಿಕ್ಕಿಸಿದ್ದೆ. ಮೂರನೆಯದನ್ನು ಇಲಿಯ ಲೆಕ್ಕಕ್ಕೇ ಸೇರಿಸಿದೆ.

ಹಳೆ ಕೇಬಲ್ ವೈರ್ ಹಾಗೆ ಇದನ್ನು ಗಂಟು ಕಟ್ಟಿ, ಸುತ್ತಿ, ಬಾಗಿಲ ಸಂದಿಯಲ್ಲಿ ಸಿಕ್ಕಿಸಬೇಡಿ. ಕಂಪನಿಗೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 'ಇವತ್ತು ಸಾಯಂಕಾಲ ಬರ್ತೀವಿ' ಅಂದದ್ದನ್ನು ನಂಬಿಕೊಂಡು ನಾವು ಒಮ್ಮೆ ನಾಲ್ಕು ಸಾಯಂಕಾಲ ಕಾದೆವು. ನಂಬರ್ ಇರಲಿಲ್ಲ, ಕೇಳುವ ಬಾಯಿಯೂ ಇರಲಿಲ್ಲ. ಕಂಪನಿಯವರು ಕೈಗೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕರೆಂಟ್ ಹೋದರೆ?

ಇನ್ವರ್ಟರ್ ಇದ್ದರೂ ಬಹಳ ಮನೆಗಳಲ್ಲಿ ಟಿವಿ ಪ್ಲಗ್ ಅದರ ಮೇಲೆ ಇರುತ್ತದೆ, ರೂಟರ್ ಪ್ಲಗ್ ಇರುವುದಿಲ್ಲ. ಟಿವಿ ಹತ್ತುತ್ತದೆ, ಚಿತ್ರ ಬರುವುದಿಲ್ಲ. ಮೊದಲು ಅದನ್ನು ಎಲೆಕ್ಟ್ರಿಷಿಯನ್ ಕರೆದು ಸರಿ ಮಾಡಿಸಿ. ಇನ್ವರ್ಟರ್ ಇಲ್ಲದವರು ರೂಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ಇಡಬಹುದು. ಕೊಳ್ಳುವ ಮೊದಲು ರೂಟರ್ ಅಡಾಪ್ಟರ್ ಮೇಲೆ ಬರೆದಿರುವುದನ್ನು ಫೋಟೊ ಹೊಡೆದುಕೊಂಡು ಹೋಗಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, ಆಂಪಿಯರ್ ಒಂದೊಂದಕ್ಕೆ ಒಂದೊಂದು ತರಹ. ಎರಡೂ ಹೊಂದಬೇಕು.

ಕರೆಂಟ್ ಬಂದ ಮೇಲೂ ರೂಟರ್ ಎದ್ದು ಕೂರಲು ಎರಡು ಮೂರು ನಿಮಿಷ ಬೇಕು. ಆ ಹೊತ್ತಿನಲ್ಲಿ ಮನೆಯವರೆಲ್ಲ ನಿಮ್ಮ ಮುಖವನ್ನೇ ನೋಡುತ್ತಾರೆ. ನೋಡಲಿ ಬಿಡಿ.

ಮಳೆಗಾಲದಲ್ಲಿ ಡಿಶ್ ಒಳ್ಳೆಯದೋ ಇಂಟರ್ನೆಟ್ಟೋ?

ಜೋರು ಮಳೆ ಬಂದಾಗ ತಾರಸಿಯ ಡಿಶ್‌ಗೆ ಸಿಗ್ನಲ್ ಹೋಗುತ್ತದೆ, ಮಳೆ ನಿಂತರೆ ತಾನೇ ಬರುತ್ತದೆ. ಫೈಬರ್‌ಗೆ ಮಳೆಯಿಂದ ಏನೂ ಆಗದು, ಮರ ಬಿದ್ದರೆ ಮಾತ್ರ ಹೋಗುತ್ತದೆ. ಹಾಗೆ ಹೋದದ್ದು ತಾನಾಗಿ ಬರುವುದಿಲ್ಲ, ಯಾರಾದರೂ ಕಂಬ ಹತ್ತಬೇಕು. ಮಲೆನಾಡಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಅಮ್ಮನಿಗೆ ರಿಮೋಟ್ ಬಗ್ಗುತ್ತಿಲ್ಲ

ಈ ಪುಟ ಬರೆಯಲು ಕೂತದ್ದೇ ಈ ಪ್ರಶ್ನೆಗೋಸ್ಕರ. ದುಡ್ಡು, ಸ್ಪೀಡ್, ಆಪ್ ಎಲ್ಲ ಒಂದು ವಾರದ ತಲೆನೋವು. ರಿಮೋಟ್ ಮಾತ್ರ ದಿನಾ ಇರುವುದು.

ನಮ್ಮೂರಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಆದದ್ದು 2013ರಲ್ಲಿ. ಅದರ ನಂಬರ್‌ಗಳನ್ನು ಅಮ್ಮ ಬಾಯಿಪಾಠ ಮಾಡಿಕೊಂಡಿದ್ದರು. ಕನ್ನಡಕ ಇಲ್ಲದೆಯೂ ಬೆರಳು ತಾನಾಗಿ ಹೋಗುತ್ತಿತ್ತು. ಹೊಸ ರಿಮೋಟ್‌ನಲ್ಲಿ ನಂಬರೇ ಇಲ್ಲ. ಒಂದು ಗುಂಡು ಚಕ್ರ, ಅರ್ಥವಾಗದ ಐದಾರು ಚಿತ್ರ. ಏನೋ ಒತ್ತಲು ಹೋಗಿ ಸೋರ್ಸ್ ಬಟನ್ ಒತ್ತುತ್ತಾರೆ, ಪರದೆ ನೀಲಿ ಆಗುತ್ತದೆ, ನನಗೆ ಆಫೀಸಿಗೆ ಫೋನ್ ಬರುತ್ತದೆ: 'ಟಿವಿ ಕೆಟ್ಟುಹೋಯ್ತು ಕಣೋ.'

ನಾನು ಮಾಡಿದ್ದು ಇಷ್ಟು. ಮೊದಲು, ಎರಡು ರಿಮೋಟ್‌ಗಳನ್ನು ಒಂದು ಮಾಡಿದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಸಿಇಸಿ ಅಂತ ಇರುತ್ತದೆ, ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತದೆ. ಅದನ್ನು ಆನ್ ಮಾಡಿದರೆ ಸ್ಟಿಕ್‌ನ ರಿಮೋಟ್ ಒತ್ತಿದಾಗ ಟಿವಿಯೂ ಹತ್ತಿ, ಸರಿಯಾದ ಜಾಗಕ್ಕೇ ಬಂದು ನಿಲ್ಲುತ್ತದೆ. ಟಿವಿಯ ರಿಮೋಟನ್ನು ಬೀರುವಿನೊಳಗೆ ಇಟ್ಟೆ. ಆಮೇಲೆ, ಅಮ್ಮನಿಗೆ ಬೇಕಾದ ಎರಡು ಆಪ್‌ಗಳನ್ನು ಮೊದಲ ಸಾಲಿನ ಮೊದಲಿಗೆ ತಂದೆ. ಉಳಿದದ್ದು ಹೆಂಡತಿಯ ಐಡಿಯಾ. ಹಣೆಗಿಡುವ ಸ್ಟಿಕ್ಕರ್ ಬೊಟ್ಟು ತಂದು ಮನೆ ಚಿತ್ರದ ಬಟನ್ ಮೇಲೆ ಕೆಂಪು, ನಡುವಿನ ಓಕೆ ಮೇಲೆ ಹಸಿರು ಅಂಟಿಸಿದಳು. 'ಏನೇ ಆಗಲಿ ಅತ್ತೆ, ಕೆಂಪು ಬೊಟ್ಟು ಒತ್ತಿ' ಅಂದಳು. ಅಲ್ಲಿಂದ ಮುಂದೆ ನೀಲಿ ಪರದೆಯ ಫೋನ್ ಬಂದದ್ದು ಎರಡೇ ಸಲ.

ಧ್ವನಿಯಲ್ಲಿ ಕೇಳುವ ಬಟನ್ ಕೂಡ ಕೆಲಸಕ್ಕೆ ಬರುತ್ತದೆ. ಆದರೆ ಅಮ್ಮ ಅದಕ್ಕೆ 'ಸ್ವಲ್ಪ ಉದಯ ಹಾಕಪ್ಪ' ಅನ್ನುತ್ತಾರೆ. ಅದು ಸೂರ್ಯೋದಯದ ವಿಡಿಯೋ ತೋರಿಸಿದ್ದುಂಟು.

ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದು, ಪಕ್ಕದಲ್ಲಿ ಬಂದು ನೋಡುವವರು ಯಾರೂ ಇಲ್ಲ ಅಂದರೆ ಕೇಬಲ್ ತೆಗೆಸಬೇಡಿ. ಹಾಸನದ ಚಿಕ್ಕಮ್ಮನಿಗೆ ನಾನು ಹೇಳಿದ್ದು ಇದನ್ನೇ. ಅವರ ಮಗ ಬೆಂಗಳೂರಿನಲ್ಲಿ ಕೂತು ಉಳಿಸುವ ನೂರು ರೂಪಾಯಿಗೆ ಅವರು ಸಾಯಂಕಾಲ ಕತ್ತಲೆ ಪರದೆ ಮುಂದೆ ಕೂರಬೇಕಾ?

ಕ್ರಿಕೆಟ್ ನೋಡುವಾಗ ಪಕ್ಕದ ಮನೆಯವರು ಮೊದಲೇ ಕೂಗಿಬಿಡುತ್ತಾರೆ!

ಇದಕ್ಕೆ ಪೂರ್ತಿ ಮದ್ದಿಲ್ಲ. ಇಂಟರ್ನೆಟ್‌ನಲ್ಲಿ ಬರುವ ಲೈವ್ ನಿಜವಾಗಿ ಸ್ವಲ್ಪ ಹಳೆಯದು. ಮೈದಾನದ ಚಿತ್ರವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತಾರೆ. ಒಂದೊಂದು ತುಂಡನ್ನೂ ಬೇರೆ ಬೇರೆ ಗುಣಮಟ್ಟದಲ್ಲಿ ತಯಾರಿಸಿ, ಊರೂರಿನ ಸರ್ವರ್‌ಗಳಿಗೆ ಕಳಿಸುತ್ತಾರೆ. ನಿಮ್ಮ ಟಿವಿ ಕೂಡ ಮಧ್ಯೆ ನಿಲ್ಲದಿರಲಿ ಅಂತ ಒಂದೆರಡು ತುಂಡು ಕೈಯಲ್ಲಿಟ್ಟುಕೊಂಡೇ ಶುರು ಮಾಡುತ್ತದೆ. ಎಲ್ಲ ಸೇರಿ ಕೇಬಲ್‌ಗಿಂತ ಕೆಲವೊಮ್ಮೆ ಅರ್ಧ ನಿಮಿಷ ಹಿಂದೆ.

2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಕಪ್ ಗೆದ್ದ ರಾತ್ರಿ ಇದರ ಪೂರ್ತಿ ಬಿಸಿ ತಟ್ಟಿತು. ಹದಿನೆಂಟನೇ ಸೀಸನ್, ಮೊದಲ ಕಪ್. ಪಂಜಾಬ್‌ಗೆ ಕೊನೆಯ ಓವರಿಗೆ 29 ರನ್ ಬೇಕಿತ್ತು. ಹೇಜಲ್‌ವುಡ್ ಕೈಯಲ್ಲಿ ಬಾಲು. ನಮ್ಮ ಟಿವಿಯಲ್ಲಿ ಅವನಿನ್ನೂ ಓಡಿ ಬರುತ್ತಿದ್ದಾನೆ, ಕೇಬಲ್ ಇದ್ದ ಮಹಡಿ ಮನೆಯಲ್ಲಿ ಕುಣಿತ ಶುರು. ಎರಡು ಬಾಲಿಗೆ ರನ್ ಬಾರದೆ ಗೆಲುವು ಗ್ಯಾರಂಟಿ ಆದದ್ದು ಅವರಿಗೆ ಆಗಲೇ ಕಂಡಿತ್ತು. ಬೀದಿಯಲ್ಲಿ ಪಟಾಕಿ. ನನ್ನ ಮಗ ಕಿವಿ ಮುಚ್ಚಿಕೊಂಡು 'ಕೇಳಿಸ್ಲಿಲ್ಲ, ಕೇಳಿಸ್ಲಿಲ್ಲ' ಅಂತ ಕೂಗುತ್ತಾ ನೋಡಿದ. ಹದಿನೆಂಟು ವರ್ಷ ಕಾದವರಿಗೆ ಅರ್ಧ ನಿಮಿಷ ಏನು ದೊಡ್ಡದು ಅಂತ ನಾನು ಹೇಳಿದ್ದು ಅವನಿಗೆ ಹಿಡಿಸಲಿಲ್ಲ.

ಕಿಟಕಿ ಮುಚ್ಚಿ, ಮೊಬೈಲ್ ದೂರ ಇಡಿ. ಆಪ್ ಒಮ್ಮೆ ಮುಚ್ಚಿ ತೆರೆದರೆ ಸ್ವಲ್ಪ ಮುಂದಕ್ಕೆ ಬರುವುದುಂಟು. ದೊಡ್ಡ ಮ್ಯಾಚ್ ಇದ್ದರೆ ಸೀದಾ ಮಹಡಿ ಮನೆಗೇ ಹೋಗಿಬಿಡಿ. ಮುಂದಿನ ಸಲ ನಾವು ಹಾಗೇ ಮಾಡುವುದು.

ಹೇಳದೆ ಕೇಳದೆ ಖಾತೆಯಿಂದ ದುಡ್ಡು ಹೋಯಿತು

ಹೇಳಿಯೇ ಹೋಗಿರುತ್ತದೆ, ನೀವು ಮೆಸೇಜ್ ನೋಡಿರುವುದಿಲ್ಲ. ಆಪ್‌ಗೆ ಮೊದಲ ಸಲ ದುಡ್ಡು ಕಟ್ಟುವಾಗ 'ಆಟೋಪೇ' ಅಂತ ಒಪ್ಪಿಗೆ ಕೊಟ್ಟಿರುತ್ತೀರಿ. ಚಂದಾ ಮುಗಿದಾಗಲೆಲ್ಲ ಅದೇ ಮತ್ತೆ ಕಟ್ಟಿಕೊಳ್ಳುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ದುಡ್ಡು ತೆಗೆಯುವ 24 ಗಂಟೆ ಮೊದಲು ತಿಳಿಸಬೇಕು. ತಿಳಿಸುತ್ತಾರೆ. ಸೀರೆ ಅಂಗಡಿ, ಸಾಲ, ಸೈಟು ಅಂತ ಬರುವ ನೂರು ಮೆಸೇಜ್‌ಗಳ ನಡುವೆ.

ಫೋನ್‌ಪೇ, ಗೂಗಲ್ ಪೇ ಯಾವುದನ್ನು ಬಳಸುತ್ತೀರೋ ಅದರೊಳಗೆ ಆಟೋಪೇ ಅನ್ನುವ ಜಾಗ ಇದೆ. ಅಲ್ಲಿ ಹೋಗಿ ಬೇಡದ್ದನ್ನು ರದ್ದು ಮಾಡಿ. ಟಿವಿಯಿಂದ ಆಪ್ ಅಳಿಸಿಹಾಕಿದರೆ ಚಂದಾ ನಿಲ್ಲುವುದಿಲ್ಲ, ಇದನ್ನು ಗೋಡೆ ಮೇಲೆ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಚಂದಾ ಮುಗಿಯುವ ದಿನಗಳನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ, ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕದಲ್ಲಿ ಬರೆಯುತ್ತೇವೆ.

ಮಗು ಯೂಟ್ಯೂಬ್ ಬಿಟ್ಟು ಏಳುತ್ತಿಲ್ಲ

ಕೇಬಲ್‌ನಲ್ಲಿ ಕಾರ್ಟೂನ್ ಮುಗಿಯುತ್ತಿತ್ತು. ಇಲ್ಲಿ ಒಂದು ಮುಗಿಯುವ ಮೊದಲೇ ಇನ್ನೊಂದು ಶುರು. ಸೆಟ್ಟಿಂಗ್‌ನಲ್ಲಿ ಆಟೋಪ್ಲೇ ಆಫ್ ಮಾಡಿ, ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ, ದೊಡ್ಡವರದ್ದಕ್ಕೆ ಪಿನ್ ಹಾಕಿ. ಪಿನ್‌ಗೆ ಹುಟ್ಟಿದ ವರ್ಷ ಇಡಬೇಡಿ. ಮಕ್ಕಳು ಮೊದಲು ಒತ್ತಿ ನೋಡುವುದು ಅದನ್ನೇ.

ವರ್ಷಕ್ಕೆ ಸಾವಿರ ರೂಪಾಯಿಗೆ ಪ್ರಪಂಚದ ಎಲ್ಲ ಚಾನೆಲ್ ಕೊಡುವ ಬಾಕ್ಸ್ ಸಿಗುತ್ತಂತೆ?

ಸಿಗುತ್ತದೆ, ಕದ್ದ ಮಾಲು. ಇವತ್ತು ಇದ್ದದ್ದು ನಾಳೆ ಇರುವುದಿಲ್ಲ, ಕೇಳಲು ಹೋದರೆ ಮಾರಿದವನೂ ಇರುವುದಿಲ್ಲ. ಅಂಥ ಬಾಕ್ಸ್‌ನಲ್ಲಿ ನಿಮ್ಮ ಗೂಗಲ್ ಖಾತೆ ಹಾಕುವುದಂತೂ ಮನೆ ಬೀಗದ ಕೈ ಕೊಟ್ಟ ಹಾಗೆ.

ಫ್ರೀ ಡಿಶ್ ಹಾಕಿಸಿದರೆ ಆಗದೇ?

ಡಿಡಿ ಫ್ರೀ ಡಿಶ್ 2004ರಿಂದ ಇದೆ. ಡಿಶ್ ಮತ್ತು ಬಾಕ್ಸ್‌ಗೆ ಒಂದು ಸಲ ದುಡ್ಡು, ಆಮೇಲೆ ತಿಂಗಳ ಬಿಲ್ಲೇ ಇಲ್ಲ. ಚಂದನ ಸಿಗುತ್ತದೆ. ಸಾಯಂಕಾಲದ ಖಾಸಗಿ ಚಾನೆಲ್ ಧಾರಾವಾಹಿಗಳನ್ನು ನಂಬಿಕೊಂಡು ಮಾತ್ರ ಹಾಕಿಸಬೇಡಿ. ತೋಟದ ಮನೆಗೆ, ಇಂಟರ್ನೆಟ್ ಬಾರದ ಊರಿಗೆ ಒಳ್ಳೆಯದು.

ನೆಂಟರು ಬಂದ ಕೂಡಲೇ ವೈಫೈ ಪಾಸ್‌ವರ್ಡ್ ಕೇಳುತ್ತಾರೆ

ಕೊಡಿ. ಕಾಫಿ ಕೊಟ್ಟ ಮೇಲೆ ಇದೇನು ಮಹಾ? ಹೆಚ್ಚಿನ ರೂಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಬೇರೆ ಮಾಡಬಹುದು, ಅದರ ಪಾಸ್‌ವರ್ಡ್ ಕೊಟ್ಟರಾಯಿತು. ಆಪ್‌ನ ಪಾಸ್‌ವರ್ಡ್ ಕೇಳಿದರೆ ಮಾತ್ರ 'ಮಗನಿಗೆ ಗೊತ್ತು, ಅವನು ಟ್ಯೂಷನ್‌ಗೆ ಹೋಗಿದ್ದಾನೆ' ಅನ್ನಿ.

ಕೇಬಲ್‌ನವರಿಗೆ ಹೇಗೆ ಹೇಳುವುದು? ಮುಲಾಜು

ಗೊತ್ತು. ನಾನು ಈ ಮುಲಾಜಿಗೇ ಆರು ತಿಂಗಳು ಸುಮ್ಮನಿದ್ದೆ. ನಮ್ಮ ಕೇಬಲ್ ಅಣ್ಣ ಇಪ್ಪತ್ತು ವರ್ಷದಿಂದ ಬರುತ್ತಿದ್ದವರು. ಅಪ್ಪ ಹಾಸಿಗೆ ಹಿಡಿದಾಗ ಭಾನುವಾರ ರಾತ್ರಿ ಒಂಬತ್ತಕ್ಕೆ ಬಂದು ವೈರ್ ಕೋಣೆಗೆ ಎಳೆದುಕೊಟ್ಟು, ದುಡ್ಡು ಬೇಡ ಅಂದು ಹೋದವರು. ಯಾವ ಕಸ್ಟಮರ್ ಕೇರ್‌ನವರೂ ಇಂಥದ್ದು ಮಾಡುವುದಿಲ್ಲ. ಅದರ ಜೊತೆಗೆ ಅವರ ಲೋಕಲ್ ಚಾನೆಲ್ ಬೇರೆ ಇತ್ತು. ಬಡಾವಣೆಯ ಗಣಪತಿ ಮೆರವಣಿಗೆ, ಶಾಲೆಯ ವಾರ್ಷಿಕೋತ್ಸವ, ಮಧ್ಯಾಹ್ನ ಒಂದು ಹಳೇ ಸಿನಿಮಾ. ಅದು ಯಾವ ಆಪ್‌ನಲ್ಲೂ ಸಿಗುವುದಿಲ್ಲ.

ಹೇಳಿದಾಗ ಅವರು ನಕ್ಕರು. 'ಸಾರ್, ಈ ಬೀದಿಯಲ್ಲಿ ನೀವು ಹನ್ನೊಂದನೆಯವರು' ಅಂದರು. ಆಮೇಲೆ, 'ಇಂಟರ್ನೆಟ್ ಯಾರ ಹತ್ತಿರ ತಗೊಂಡ್ರಿ?' ಅಂತ ಕೇಳಿದರು. ಅವರೂ ಫೈಬರ್ ಕೊಡುತ್ತಾರೆ ಅಂತ ನನಗೆ ಅವತ್ತೇ ಗೊತ್ತಾದದ್ದು. ನಮ್ಮ ನಾಡಿನಲ್ಲಿ ಎಷ್ಟೋ ಕೇಬಲ್‌ನವರು ಈಗ ಇಂಟರ್ನೆಟ್ ಕೂಡ ಕೊಡುತ್ತಾರೆ. ಹಾಗಾಗಿ ನೀವು ಮೊದಲು ಅವರನ್ನೇ ಕೇಳಿ. ದೊಡ್ಡ ಕಂಪನಿಗಿಂತ ಒಂದಿಷ್ಟು ಜಾಸ್ತಿಯಾದರೂ, ಕೆಂಪು ದೀಪ ಹತ್ತಿದ ದಿನ ಮನೆ ಗೊತ್ತಿರುವ ಮನುಷ್ಯ ಬರುತ್ತಾರೆ. ನಾವು ಹೋದ ವರ್ಷ ಅವರ ಲೈನಿಗೇ ಬದಲಾಯಿಸಿಕೊಂಡೆವು.

ಬಾಕ್ಸ್ ವಾಪಸ್ ಕೊಡುವಾಗ ರಿಮೋಟ್, ಅಡಾಪ್ಟರ್ ಸೇರಿಸಿ ಕೊಡಿ. ಠೇವಣಿ ಇಟ್ಟಿದ್ದರೆ ಹಳೆಯ ರಸೀದಿ ಹುಡುಕಿಡಿ. ಕೊಟ್ಟದ್ದಕ್ಕೆ ಒಂದು ಚೀಟಿಯನ್ನೋ ಮೆಸೇಜನ್ನೋ ಪಡೆದುಕೊಳ್ಳಿ. ಹಳೆ ಬಾಕಿ ಉಳಿಸಿಕೊಂಡು ತಪ್ಪಿಸಿಕೊಂಡು ಓಡಾಡಬೇಡಿ, ಅದೇ ಬೀದಿಯಲ್ಲಿ ದಿನಾ ಎದುರಾಗಬೇಕು.

ಅಮೆರಿಕದಲ್ಲಿರುವ ಮಗಳು ನಮ್ಮ ಲಾಗಿನ್ ಬಳಸಬಹುದಾ?

ಸಾಮಾನ್ಯವಾಗಿ ನಡೆಯುವುದಿಲ್ಲ. ಇಲ್ಲಿಯ ಚಂದಾ ಇಲ್ಲಿಗೆ. ಪ್ರಸಾರದ ಹಕ್ಕು ದೇಶ ದೇಶಕ್ಕೆ ಬೇರೆ. ಅಲ್ಲಿಯವರಿಗೆ ಅಲ್ಲಿಯದೇ ಪ್ಲಾನ್ ಇರುತ್ತದೆ, ಬೆಲೆಯೂ ಬೇರೆ.

ಗೋಡೆ ಮೇಲೆ ಉಳಿದಿರುವ ಕಪ್ಪು ಕೇಬಲ್ ವೈರ್ ಏನು ಮಾಡುವುದು?

ಕಿತ್ತು ಎಸೆಯಬೇಡಿ. ಬಿಸಿಲು ಮಳೆಗೆ ಹಾಳಾಗುವುದಿಲ್ಲ, ತುಕ್ಕಿನ ಕಲೆ ಹತ್ತುವುದಿಲ್ಲ, ಭಾರಕ್ಕೆ ಜೋಲುವುದಿಲ್ಲ. ನಮ್ಮ ತಾರಸಿಯಲ್ಲಿ ಎರಡು ಕಂಬಕ್ಕೆ ಬಿಗಿದು ಕಟ್ಟಿದ್ದೇವೆ. ಅಮ್ಮನ ಎಂಟು ಗಜದ ಸೀರೆ ಒದ್ದೆಯಾಗಿ ಹಾಕಿದರೂ ಅಲ್ಲಾಡುವುದಿಲ್ಲ.